ಚಹಾದ ಹೊತ್ತಿನ ಚೀಟಿ

ನಿಮ್ಮ ಅಳಿಯ ಏನು ಕೆಲಸಾ ಮಾಡ್ತಾನ ಅಂತ ಧಾರವಾಡದಾಗ ಯಾರರ ಕೇಳಿದ್ರ ನಮ್ಮವ್ವ "ಗಡಿಯಾರ ನೋಡೋ ಕೆಲಸಾ" ಅಂತಿದ್ಲು. ಕೇಳಿದವರು ಗಡಿಯಾರ ರಿಪೇರಿ ಅಂತ ತಿಳಕೊಂಡು ಸುಮ್ಮನಾಗತಿದ್ರು. ಒಬ್ಬ ಮುದುಕರಂತೂ ನಿಂತು ಹೋದ ತಮ್ಮ ಗ್ವಾಡಿ ಗಡಿಯಾರಾ ಪಂಜೇದಾಗ ಸುತಗೊಂಡು ಬಂದು, "ಅಳಿಯಂದ್ರು ದೀಪಾವಳಿಗೆ ಬಂದಾಗ ಒಂದೀಟು ಕೈ ಆಡಸಲಿ" ಅಂತ ನಮ್ಮ ಪಡಸಾಲಿಯೊಳಗ ಇಟ್ಟು ಹೋದ್ರು. ಆ ಗಡಿಯಾರ ಅಲ್ಲೇ ಕೂತಿತ್ತು ಎಷ್ಟೋ ದಿವಸ.

ಖರೇ ಹೇಳಬೇಕಂದ್ರ ಲಗ್ನಾಗಿ ಒಂದು ವರ್ಷದ ತನಕಾ ನನಗೂ ತಿಳಿದಿರಲಿಲ್ಲ. ಮುಂಬಯಿ ಫೋರ್ಟಿನಾಗಿದ್ದ ಇಂಗ್ಲಿಷ್ ಸಾಹೇಬರದೊಂದು ಕಂಪನಿಯೊಳಗ ನಮ್ಮ ಯಜಮಾನ್ರು ಇದ್ರು. ಆ ಕಂಪನಿಗೆ ಮಿಲ್ಲಿಲ್ಲ, ಅಂಗಡಿಯಿಲ್ಲ, ಗೋದಾಮಿಲ್ಲ. ಬರೇ ಸಲಹಾ ಮಾರತಿದ್ರು. ಪುಕ್ಕಟೆ ಕೊಟ್ರೂ ನಮ್ಮ ಕಡೆ ಯಾರೂ ತಗೊಳ್ಳದ ಮಾಲು ನೋಡ್ರಿ, ಮುಂಬಯಿಯೊಳಗ ಅದಕ್ಕ ಚಿನ್ನದ ಕಿಮ್ಮತ್ತು! ಮಿಲ್ಲಿನ ಮಾಲಕರು, ದೊಡ್ಡ ಆಫೀಸಿನವರು ಕರಸತಿದ್ರು. ನಮ್ಮವರು ಹೋಗಿ ಕೈಯಾಗ ಸ್ಟಾಪ್‌ವಾಚ್ ಹಿಡಕೊಂಡು ನಿಂತು, ಯಾವ ಕೆಲಸಕ್ಕ ಎಷ್ಟು ಹೊತ್ತು ಹಿಡೀತದ, ಯಾರು ಸುಮ್ಮಸುಮ್ಮನ ಅಡ್ಡಾಡ್ತಾರ, ಎಲ್ಲಿ ಹೊತ್ತು ಸೋರಿ ಹೋಗ್ತದ ಅಂತ ನೋಡಿ ರಿಪೋರ್ಟ್ ಬರೆದು ಕೊಡತಿದ್ರು. ಮಿಲ್ಲಿನ ಮಂದಿ ಇವರಿಗೆ "ಘಡಿವಾಲಾ" ಅಂತ ಹೆಸರಿಟ್ಟಿದ್ರು. ಪ್ರೀತಿಯಿಂದ ಇಟ್ಟ ಹೆಸರೇನಲ್ಲ ಅದು.

ಪಗಾರ ಮಾತ್ರ ಭರ್ತಿ. ಬ್ಯಾಂಕಿನಾಗಿದ್ದ ನಮ್ಮ ಮೈದುನಗ ಬರೋದರ ಎರಡು ಪಟ್ಟು. ಆದ್ರ ಮೈದುನ ಸಂಜಿ ಆದಕೂಡ್ಲೆ ಛತ್ರಿ ಬಗಲಾಗ ಇಟಗೊಂಡು ಎದ್ದುಬಿಡತಿದ್ದ. ನಮ್ಮವರಿಗೆ ಏಳೋ ಹೊತ್ತು ಅನ್ನೋದೇ ಇರಲಿಲ್ಲ. ಐತವಾರನೂ ಮನ್ಯಾಗ ಕಾಗದ ಹರವಿಕೊಂಡು ಕೂಡತಿದ್ರು. ಅವರ ದೊಡ್ಡ ಸಾಹೇಬ ಮೊದಲನೇ ದಿವಸನೇ ಹೇಳಿದ್ನಂತ, ಇಲ್ಲಿ ಬಂದವರು ಮ್ಯಾಲೆ ಹೋಗಬೇಕು, ಇಲ್ಲಾ ಹೊರಗ ಹೋಗಬೇಕು, ನಡುವ ಕೂಡಲಿಕ್ಕೆ ಕುರ್ಚಿ ಇಲ್ಲ ಅಂತ. ಆ ಮಾತು ಇವರ ತಲ್ಯಾಗ ಹೊಕ್ಕು ಕೂತುಬಿಟ್ಟಿತ್ತು. ಊಟಕ್ಕ ಕೂತ್ರೂ ಅವಸರ, ಸ್ನಾನಕ್ಕ ಹೋದ್ರೂ ಅವಸರ. ಒಮ್ಮೆ ನಾ ಚಪಾತಿ ಲಟ್ಟಸೋ ಮುಂದ ಬಾಗಲದಾಗ ನಿಂತು ನೋಡಿ, "ಹಂಚು ಎಡಗಡೆ ಇಟ್ರ ಕೈ ತಿರುವೋದು ಉಳೀತದ" ಅಂದ್ರು. ನಾ ಲಟ್ಟಣಿಗಿ ಎತ್ತಿ ತೋರಿಸಿದೆ. ಆಮ್ಯಾಲೆ ಅಡಗೀಮನಿ ಕಡೆ ಆ ವಿದ್ಯಾ ತರಲಿಲ್ಲ.

ಆದ್ರ ಸುಳ್ಳು ಯಾಕ ಹೇಳ್ಲಿ, ಮೊದಮೊದಲು ನನಗೂ ಭಾಳ ಹೆಮ್ಮೆ ಇತ್ತು. ಆಗ ನಾವು ಮಾಟುಂಗಾದಾಗ ಎರಡು ಖೋಲಿ ಬಾಡಗಿ ಹಿಡದಿದ್ವಿ. ಕೆಳಗ ಉಡುಪಿಯವರು, ಮ್ಯಾಲೆ ತಮಿಳರು, ಎಡಕ್ಕ ಬೆಳಗಾವಿಯವರು, ಬಲಕ್ಕ ವಿಜಾಪುರದವರು. ಒಬ್ಬರ ಮನ್ಯಾಗ ಒಗ್ಗರಣಿ ಹಾಕಿದ್ರ ನಾಕು ಮನ್ಯಾಗ ಸೀನತಿದ್ರು. ಅಲ್ಲಿ ಅರಿಷಿಣ ಕುಂಕುಮಕ್ಕ ಕೂಡಿದಾಗ ನಮ್ಮ ಕಡೆ ಹೆಂಗಸರು ಬಿಡತಿರಲಿಲ್ಲ, ಗಂಡನ ಹೆಸರು ಹೇಳಬೇಕು. ನಮ್ಮಾಗ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳೋ ಹಂಗಿಲ್ಲ, ಆಯುಷ್ಯ ಕಡಿಮಿ ಆಗ್ತದ ಅಂತಾರ. ಒಡಪು ಕಟ್ಟಿ, ಅದರೊಳಗ ಹೆಸರು ಹೊಂದಿಸಿ ಹೇಳಿದ್ರ ಮಾತ್ರ ನಡೀತದ. ನಾ ಒಡಪಿನ್ಯಾಗ ಯಾರಿಗೂ ಸೋತಾಕಿ ಅಲ್ಲ. ಒಂದು ಸಲ ಹಿಂಗ ಹೇಳಿದ್ದೆ:

"ಕೋಟಿನ ಕಿಸೇದಾಗ ಗಡಿಯಾರ, ಗಡಿಯಾರದಾಗ ಮುಳ್ಳು,
ನಮ್ಮ ರಾಯರ ಪಗಾರ ಕೇಳಿ ಊರೆಲ್ಲಾ ಆತು ಮಳ್ಳು!"

ರಾಯರು ಅನ್ನೋದಕ್ಕಿಂತ ಮೊದಲ ಅವರ ಹೆಸರು ಬರ್ತದ. ಅದನ್ನ ಇಲ್ಲಿ ಬರೆಯೂದಿಲ್ಲ. ವಿಜಾಪುರದಾಕಿ ಹೊಟ್ಟಿ ಹಿಡಕೊಂಡು ನಕ್ಕಳು, ಆದ್ರ ಆಕಿ ಕಣ್ಣಾಗ ಒಂದೀಟು ಉರಿ ಇದ್ದದ್ದೂ ನಾ ನೋಡಿದೆ. ಅವತ್ತು ಅದರಿಂದ ನನಗ ಇನ್ನಷ್ಟು ಖುಷಿ ಆಗಿತ್ತು.

ಚೊಚ್ಚಲ ಹೆರಿಗಿಗೆ ಪದ್ಧತಿ ಪ್ರಕಾರ ತವರಿಗೆ ಹೋದೆ. ಗಂಡು ಕೂಸು. ಅದು ಎರಡು ರಾತ್ರಿ, ಎರಡು ಹಗಲು ಇತ್ತು, ಹೋತು. ಹುಟ್ಟಿದ ಕೂಡ್ಲೆ ಅಪ್ಪ ತಾರು ಕೊಟ್ಟಿದ್ರು, ಕೂಸಿನ ಲಕ್ಷಣಾ ಬರೋಬ್ಬರಿಲ್ಲ, ಲಗೂನ ಬರ್ರಿ ಅಂತ. ತಾರು ಮುಟ್ಟಿದ ಕೂಡ್ಲೆ ರೈಲು ಹತ್ತಿದ್ರ ಮಗನ ಮಾರಿ ನೋಡಲಿಕ್ಕೆ ಸಿಗತಿತ್ತು. ಇವರು ಬಂದಾಗ ಎಲ್ಲಾ ಮುಗದಿತ್ತು. ನನ್ನ ಹಾಸಿಗಿ ಕಡೆ ಬಂದು ನಿಂತು, "ರಿಪೋರ್ಟ್ ಕೊಡೂದಿತ್ತು" ಅಂದ್ರು. ಅಷ್ಟು ಅಂದು ಗ್ವಾಡಿಗೆ ಹಣಿ ಹಚ್ಚಿ ಅತ್ತರು. ಅವರು ಅತ್ತದ್ದು ನಾ ನೋಡಿದ್ದು ಅದೊಂದ ಸಲ, ಅದಕ್ಕ ನಾ ಏನೂ ಅನ್ನಲಿಲ್ಲ. ಮುಂಬಯಿಗೆ ತಿರುಗಿ ಬಂದ ಮ್ಯಾಲೆ ಮಾತ್ರ ಒಂದು ಮಾತು ತಗೊಂಡೆ. "ಇನ್ನೊಮ್ಮೆ ದೇವರು ಕೊಟ್ರ, ಆ ಹೊತ್ತಿಗೆ ನೀವು ಬಾಗಲದಾಚೆ ನಿಂತಿರಬೇಕು. ಒಳಗ ಬರೂದು ಬ್ಯಾಡ, ಏನೂ ಮಾಡೂದು ಬ್ಯಾಡ. ನಿಂತಿರಬೇಕು, ಅಷ್ಟ." ನನ್ನ ಕೈ ಹಿಡಿದು ಆಣಿ ಮಾಡಿದ್ರು.

ಊರ ಅಂಚಿನ ಮುಲುಂಡಿನಾಗ ಸ್ವಂತ ಮನಿ, ಬ್ಲಾಕ್ ಅಂತಾರಲ್ಲ ಅದು, ಬಂದದ್ದು ಅದಾದ ಮ್ಯಾಲೆ. ಹೆಂಗ ಬಂತು ಅನ್ನೋದನ್ನ ಇಲ್ಲೆ ಹೇಳಬೇಕು. ಇವರ ಸಾಹೇಬಗ ಒಂದು ಚಿಂತಿ ಇತ್ತು, ತಮ್ಮ ಆಫೀಸಿನಾಗೇ ಹೊತ್ತು ಹಾಳಾಗ್ತದ ಅಂತ. ಊರಿಗೆಲ್ಲಾ ಬುದ್ಧಿ ಹೇಳೋ ಕಂಪನಿ, ತನ್ನ ಮನಿ ನೋಡಿಕೋಬ್ಯಾಡೇನು? ಆ ಕೆಲಸಾ ನಮ್ಮವರಿಗೆ ಕೊಟ್ಟ. ಇವರು ಕೂತು ನೋಡಿದ್ರು. ಟೆಲಿಫೋನು ಬಂದಾಗೊಮ್ಮೆ ಮಂದಿ ಮೀಟಿಂಗ್ ಬಿಟ್ಟು ಏಳ್ತಾರ, ಮಾತಾಡ್ತಾರ, ತಿರುಗಿ ಬಂದು ಎಲ್ಲಿಗೆ ಬಿಟ್ಟಿದ್ವಿ ಅಂತ ಕೇಳ್ತಾರ. ಅದಕ್ಕ ಇವರು ನಿಯಮಾ ಮಾಡಿಸಿದ್ರು. ಮೀಟಿಂಗ್ ನಡದಾಗ ಯಾರಿಗೂ ಫೋನ್ ಕೊಡೋ ಹಂಗಿಲ್ಲ. ಫೋನ್ ಹಿಡಿಯೋ ಹೆಣಮಗಳು ಸುದ್ದೀನ ಚೀಟಿ ಮ್ಯಾಲೆ ಬರೆದು ಒಂದು ಟ್ರೇದಾಗ ಇಡಬೇಕು. ಪಟ್ಟೇವಾಲಾ ಮಧ್ಯಾಹ್ನದ ಚಹಾದ ಜೋಡಿ ಆ ಟ್ರೇ ಒಳಗ ಒಯ್ಯಬೇಕು. ಸಾಹೇಬ ಮೆಚ್ಚಿ ಬೆನ್ನು ಚಪ್ಪರಿಸಿದ, ಪಗಾರ ಏರಿಸಿದ. ಇವರು ಮನಿಗೆ ಪೇಢೆ ತಂದು, ನನಗ ಆ ಟ್ರೇದ ಕಥಿ ಎರಡು ಸಲಾ ಹೇಳಿದ್ರು.

ಆ ಏರಿದ ಪಗಾರದ ಬಲದ ಮ್ಯಾಲೆ ಮುಲುಂಡಿನಾಗ ಸೊಸೈಟಿ ಬ್ಲಾಕ್ ಆತು. ಮೂರು ಖೋಲಿ, ಗ್ಯಾಲರಿ, ಸ್ವಂತ ನಳ. ಕಿಡಕಿ ತಗದ್ರ ಗುಡ್ಡ ಕಾಣತಿತ್ತು. ಎಲ್ಲಾರೂ ಪುಣ್ಯವಂತಿ ಅಂದ್ರು. ಆದ್ರ ಬಿಲ್ಡಿಂಗಿನಾಗ ಅರ್ಧ ಬ್ಲಾಕ್ ಖಾಲಿ. ಬಾಗಲಾ ಬಡದ್ರ ಸಪ್ಪಳ ತಿರುಗಿ ನನ್ನ ಕಿವಿಗೇ ಬರತಿತ್ತು. ಕೆಳಗಿನ ಮನ್ಯಾಗ ಒಬ್ಬ ಮರಾಠಿ ಅಜ್ಜಿ ಇದ್ದಳು, ಆಕಿಗೆ ಕಿವಿ ಮಂದ. ಸ್ಟೇಷನ್ ಹತ್ತರ ಒಂದು ಉಡುಪಿ ಹೋಟೆಲ್ಲು, ಅದರ ಮ್ಯಾನೇಜರು ಕನ್ನಡ ಮಾತಾಡತಿದ್ರು. ಇಡೀ ಮುಲುಂಡಿನಾಗ ನನ್ನ ಜೋಡಿ ಕನ್ನಡ ಮಾತಾಡಿದವರು ಅವರೊಬ್ಬರ. ಆ ಮನುಷ್ಯಾನ ಗಲ್ಲೇದ ಮುಂದೂ ನಮ್ಮವರು ಒಂದು ದಿವಸ ನಿಂತು, "ನೀವು ಗಿರಾಕಿ ಜೋಡಿ ಮಾತಾಡೋದು ಬಿಟ್ರ ಸಾಲು ಲಗೂ ಕರಗ್ತದ" ಅಂತ ಹೇಳಿ ಬಂದಿದ್ರು. ಮ್ಯಾನೇಜರು ನಕ್ಕು, "ಮಾತಾಡದಿದ್ರೆ ನಮಗೆ ಊಟ ಸೇರುದಿಲ್ಲ ಮಾರಾಯ್ರೆ" ಅಂದಿದ್ರಂತ.

ಎರಡನೇ ಸಲ ಬಸರಾದೆ. ಎರಡನೇದಕ್ಕ ತವರಿಗೆ ಹೋಗೋ ಪದ್ಧತಿ ಇಲ್ಲ, ಮತ್ತ ಆ ಪಡಸಾಲಿ ನೋಡಲಿಕ್ಕೆ ನನಗ ಮನಸೂ ಇರಲಿಲ್ಲ. ದಿನಾ ತುಂಬೋದಕ್ಕ ಮೊದಲ ಅವ್ವ ಬರೋದು ಅಂತ ಆಗಿತ್ತು. ಮಾಟುಂಗಾದ ಹೆರಿಗಿ ಆಸ್ಪತ್ರೆಯೊಳಗ ಹೆಸರು ಹಚ್ಚಿಸಿದ್ವಿ. ಎಲ್ಲಾ ಸರಿಯಾಗಿ ಹೊಂದಿಸಿ ಇಟ್ಟಿದ್ರು ನಮ್ಮವರು, ಹೊಂದಸೋದ ಅವರ ಉದ್ಯೋಗ ಅಲ್ಲೇನು. ಆದ್ರ ಕೂಸಿಗೆ ಯಾರು ತಿಳಿಸಿ ಹೇಳಬೇಕು? ಅವ್ವ ಧಾರವಾಡದಾಗ ಇನ್ನ ಬಾಣಂತನದ ಅಂಟಿನುಂಡಿ ಕಟ್ಟತಿದ್ದಾಗ, ಒಂದು ಮುಂಜಾನೆ ನನಗ ಬ್ಯಾನಿ ಶುರುವಾತು.

ಅವತ್ತೇ ಇವರ ದೊಡ್ಡ ಮೀಟಿಂಗ್. ಒಂದು ಮಿಲ್ಲಿನ ಮಾಲಕರೆಲ್ಲಾ ಫೋರ್ಟಿನ ಆಫೀಸಿಗೆ ಬರೋರಿದ್ರು. ತಿಂಗಳಗಟ್ಟಲೆ ಇವರು ಬರೆದ ರಿಪೋರ್ಟು ಅವತ್ತು ಅವರ ಮುಂದ ಹೇಳಬೇಕು. ಅದು ಗೆದ್ರ ಮ್ಯಾಲಿನ ಕುರ್ಚಿ, ಸೋತ್ರ ಹೊರಗಿನ ಬಾಗಲ. ಕೋಟು ಹಾಕಿಕೊಂಡು, ಟೈ ಕಟಗೊಂಡು ನಿಂತಾಗ ನಾ ಅಡಗೀಮನಿ ಕಟ್ಟಿ ಹಿಡಕೊಂಡು "ಯವ್ವಾ" ಅಂದೆ.

ಇವರ ಮಾರಿ ಬೆಳ್ಳಗಾತು. ನನ್ನ ಕೂಡಿಸಿದ್ರು, ನೀರು ಕೊಟ್ರು. ಆಮ್ಯಾಲೆ ಏನು ಮಾಡಿದ್ರು ಗೊತ್ತೇನು? ಕಿಸೇದಾಗಿನ ಸ್ಟಾಪ್‌ವಾಚ್ ತಗದ್ರು! ನನ್ನ ಮುಂದ ಮಣಿ ಹಾಕಿಕೊಂಡು ಕೂತು, ಬ್ಯಾನಿ ಬಂದಾಗ ಒತ್ತತಾರ, ಹೋದಾಗ ಒತ್ತತಾರ. ನಾ ಸೆರಗು ಬಾಯಾಗ ತುರಕೊಂಡು ಒದ್ದಾಡತೀನಿ, ಇವರು ಕೂಡಿಸಿ, ಭಾಗಿಸಿ ಸರಾಸರಿ ತಗೀತಾರ. ನಾ ಸಿಟ್ಟಿಲೆ, "ನಾನೇನು ಮಗ್ಗ ಅಂತ ತಿಳಿದೀರೇನು?" ಅಂದೆ. "ಹಂಗಲ್ಲ, ಹಂಗಲ್ಲ" ಅಂದ್ರು. ಸ್ವಲ್ಪ ಹೊತ್ತಿಗೆ ಅವರ ಮಾರಿ ಮ್ಯಾಲೆ ಬಣ್ಣಾ ತಿರುಗಿ ಬಂತು. ನಡುವಿನ ಹೊತ್ತು ಇನ್ನೂ ಭಾಳ ಅದ, ಈ ಲೆಕ್ಕದಲೆ ಸಂಜಿತನಕ ಚಿಂತಿ ಇಲ್ಲ, ಮಧ್ಯಾಹ್ನ ಮೀಟಿಂಗ್ ಮುಗೀತದ, ಟ್ಯಾಕ್ಸಿ ತಗೊಂಡೇ ಬರ್ತೀನಿ, ನೆಟ್ಟಗ ಮಾಟುಂಗಾಕ್ಕ ಹೋಗೋಣು ಅಂದ್ರು.

"ಆಣಿ ಮಾಡೀರಿ" ಅಂದೆ.

"ಆಣಿ ಮಾಡಿದ್ದಕ್ಕ ಲೆಕ್ಕಾ ಹಾಕಿದ್ದು" ಅಂದ್ರು. ಕೆಳಗಿನ ಅಜ್ಜಿಗೆ ಕೈಸನ್ನಿ ಮಾಡಿ ನನ್ನ ಕಡೆ ನೋಡಿಕೋರಿ ಅಂತ ಹೇಳಿ, ಆಫೀಸಿನ ಫೋನ್ ನಂಬರು ಒಂದು ಕಾಗದದ ಮ್ಯಾಲೆ ಬರೆದು ನನ್ನ ಕೈಯಾಗ ಕೊಟ್ಟು, ಮೆಟ್ಟಲಾ ಇಳದು ಹೋದ್ರು. ಗ್ಯಾಲರಿಯಿಂದ ನೋಡಿದೆ, ಓಡಕೋತ ಹೊಂಟಿದ್ರು. ಎರಡು ಸಲ ತಿರುಗಿ ನೋಡಿದ್ರು, ಅದನ್ನೂ ಹೇಳಬೇಕು.

ಬ್ಯಾನಿಗೆ ಸರಾಸರಿ ಎಲ್ಲಿಂದ ತಿಳೀಬೇಕು! ಇವರ ಲೋಕಲ್ ರೈಲು ಕುರ್ಲಾ ದಾಟಿತ್ತೋ ಇಲ್ಲೋ, ನನಗ ಒಂದರ ಮ್ಯಾಲೆ ಒಂದು ಬರಲಿಕ್ಕೆ ಹತ್ತಿದ್ವು. ಉಸುರಾಡಲಿಕ್ಕೆ ಬಿಡವಲ್ವು. ನಾ ಲಟ್ಟಣಿಗಿ ತಗೊಂಡು ನೆಲಕ್ಕ ಬಡದೆ, ಕಿವಿ ಮಂದಿದ್ದ ಅಜ್ಜಿಗೂ ಕೇಳೋ ಹಂಗ ಬಡದೆ. ಆಕಿ ಏದುಸುರು ಬಿಡಕೋತ ಬಂದು, ನನ್ನ ಹೊಟ್ಟಿ ಮ್ಯಾಲೆ ಕೈ ಇಟ್ಟು, "ಘಾಬರೂ ನಕೋಸ್" ಅಂದಳು. ಅಂಜಬ್ಯಾಡ ಅಂತ ಅರ್ಥ. ಅಂದಾಕಿ ತಾನೇ ಗಡಗಡ ನಡಗತಿದ್ಲು. ಆ ವಯಸ್ಸಿನಾಗ ರಸ್ತಾಕ್ಕ ಓಡಿ ಹೋಗಿ ಟಾಂಗಾ ಹಿಡಕೊಂಡು ಬಂದಳು. ಮಾಟುಂಗಾದ ಮಾತು ದೂರ ಹೋತು. ಸ್ಟೇಷನ್ ಹತ್ತರ ಒಬ್ಬ ಮರಾಠಿ ಡಾಕ್ಟರ್ ಬಾಯಿದು ಸಣ್ಣ ಹೆರಿಗಿ ಮನಿ ಇತ್ತು, ಹೋಟೆಲ್ಲಿನ ಎದುರಿಗೆ.

ಟಾಂಗಾ ಹೋಟೆಲ್ ಮುಂದ ನಿಲ್ಲಿಸಿದೆ. ಮ್ಯಾನೇಜರು ಗಲ್ಲಾ ಬಿಟ್ಟು ಓಡಿ ಬಂದ್ರು. "ಎಂತಾಯ್ತು ಅಕ್ಕ?" ಅಂದ್ರು. ನಂಬರಿನ ಕಾಗದ ಚಾಚಿದೆ. "ಫೋನ್ ಮಾಡ್ತೇನೆ, ಹೆದರ್ಬೇಡಿ. ಯಾರನ್ನು ಕೇಳುದು? ರಾಯರ ಹೆಸರು?" ಅಂದ್ರು. ಅವರಿಗೆ ನಮ್ಮವರು ಬರೇ ರಾಯರು. ನನ್ನ ಬಾಯಿ ಕಟ್ಟಿಹೋತು. ಒಡಪು ಕಟ್ಟೋ ಹೊತ್ತೇ ಅದು? ಅಜ್ಜಿಗೂ ಇವರ ಹೆಸರು ಗೊತ್ತಿಲ್ಲ. ಇನ್ನೊಂದು ಬ್ಯಾನಿ ಬಂತು. ಅದರ ಜೋಡೀನೇ ಇವರ ಹೆಸರು ನನ್ನ ಬಾಯಿಂದ ಹೊರಗ ಬಿತ್ತು, ನಡುರಸ್ತಾದಾಗ, ಹಾಲಿನವರು, ಕಾಯಿಪಲ್ಲೆಯವರು ಎಲ್ಲಾ ಕೇಳೋ ಹಂಗ. ದೇವರೇ, ಅವರ ಆಯುಷ್ಯಕ್ಕೇನೂ ಮಾಡಬ್ಯಾಡ, ನನ್ನದು ತಗೋ ಅಂತ ಮನಸಿನ್ಯಾಗ ಅಂದೆ. ಕೂಸಿಂದು ಮಾತ್ರ ಮುಟ್ಟಬ್ಯಾಡ ಅಂತನೂ ಅಂದೆ.

ಒಳಗ ಡಾಕ್ಟರ್ ಬಾಯಿ ನೋಡಿದ್ಲು, ಮಾರಿ ಗಂಟು ಹಾಕಿಕೊಂಡಳು. ಮಧ್ಯಾಹ್ನ ಆತು. ಕೂಸು ಇಳೀವಲ್ದು. ನಾ ಪ್ರತಿ ಸಲ ಬಾಗಲ ತಗದಾಗ ನೋಡತಿದ್ದೆ, ಬಂದಿರಬೇಕು, ಈಗ ಬಂದಿರಬೇಕು ಅಂತ. ಬರತಿದ್ದವರು ಮ್ಯಾನೇಜರು. ಗಿರಾಕಿ ಬಿಟ್ಟು ಅತ್ತಿಂದಿತ್ತ ರಸ್ತಾ ದಾಟತಿದ್ರು. "ಹೇಳಿದ್ದೇನೆ ಅಕ್ಕ, ಬರ್ತಾರೆ" ಅನ್ನತಿದ್ರು. ಮತ್ತ ಹೋಗಿ ಮತ್ತ ಫೋನ್ ಮಾಡತಿದ್ರು. ಅಲ್ಲಿ ಫೋನ್ ಹಿಡಿಯೋ ಗೋವಾದ ಹೆಣಮಗಳು ಮ್ಯಾನೇಜರಿಗೆ ಏನಂದಿದ್ಲು ಅನ್ನೋದು ಆಮ್ಯಾಲೆ ತಿಳೀತು. "ಒಳಗೆ ಕೊಡುವ ಹಾಗಿಲ್ಲ, ಚೀಟಿ ಇಟ್ಟಿದ್ದೇನೆ, ನಿಯಮ ಮಾಡಿದವರು ಅವರೇ" ಅಂದಿದ್ಲಂತ. ಮಾತು ಹೇಳೋ ಮುಂದ ಆಕಿ ದನಿ ಅಳೋ ಹಂಗಾಗಿತ್ತಂತ.

ಹೊತ್ತು ಇಳೀತು. ಡಾಕ್ಟರ್ ಬಾಯಿ ಹೊರಗ ಬಂದು, ಕೂಸಿನ ಎದಿಬಡಿತ ಸಣ್ಣಾಗ್ಲಿಕ್ಕೆ ಹತ್ತೇದ, ತಾಯಿಗೆ ಎಚ್ಚರ ತಪ್ಪಿಸಿ ಚಿಮಟ ಹಾಕಿ ತಗೀಬೇಕು, ಮನಿ ಗಂಡಸರು ಸಹಿ ಮಾಡಬೇಕು ಅಂದ್ಲು. ಬಾಗಲ ಸಂದಿಯಿಂದ ನನಗ ಎಲ್ಲಾ ಕೇಳತಿತ್ತು. "ಗಂಡ ಎಲ್ಲಿ?" ಅಂದ್ಲು. ಆಮ್ಯಾಲೆ ಮ್ಯಾನೇಜರನ್ನ ತೋರಿಸಿ, "ಇವರು ಯಾರು?" ಅಂದ್ಲು.

ಮ್ಯಾನೇಜರ ಮರಾಠಿ ಹರಕಮುರಕ. ಆದ್ರ ಅವತ್ತು ಅವರು ತಡವರಿಸಲಿಲ್ಲ. "ಮೀ ಭಾವ್" ಅಂದ್ರು. ನಾ ಅಣ್ಣ ಅಂತ.

"ಇಬ್ಬರೊಳಗ ಒಬ್ಬರನ್ನ ಉಳಸೋ ಪ್ರಸಂಗ ಬಂದ್ರ ಯಾರನ್ನ?" ಅಂತ ಡಾಕ್ಟರ್ ಬಾಯಿ ಕೇಳಿದ್ಲು. ಆ ಪ್ರಶ್ನೆ ಯಾರಿಗೆ ಕೇಳಬೇಕಾಗಿತ್ತು, ಯಾರು ಕೇಳಿಸಿಕೊಂಡ್ರು! ನಾ ಒಳಗಿಂದ ಕೂಸು, ಕೂಸು ಅಂತ ಒದರಿದೆ. ದನಿ ಹೊರಗ ಬರಲಿಲ್ಲ. ಮ್ಯಾನೇಜರು, "ಇಬ್ಬರೂ ಬೇಕು. ಹಾಗಂತ ಬರ್ಕೊಳ್ಳಿ" ಅಂದ್ರು. ಮರಾಠಿ ಮರತು ಕನ್ನಡದಾಗೇ ಅಂದ್ರು. ಔಷಧದ ವಾಸನಿ ಮೂಗಿಗೆ ಬರೋತನಕ ನಾ ಬಾಗಲಾ ನೋಡಿದೆ.

ಎಚ್ಚರಾದಾಗ ಬಗಲಾಗ ಹೆಣ್ಣು ಕೂಸಿತ್ತು. ತಲಿ ಎರಡೂ ಕಡೆ ಚಿಮಟದ ಗುರುತು, ಮಾರಿ ನೀಲಿ ಹೋಗಿ ಕೆಂಪಾಗಲಿಕ್ಕೆ ಹತ್ತಿತ್ತು. ಅಳತಿತ್ತು. ಏನು ಛಂದ ಅಳತಿತ್ತು ಅಂತೀರಿ! ನಾನೂ ಅದರ ಜೋಡಿ ಅತ್ತೆ. ಅಜ್ಜಿ ಮೂಲ್ಯಾಗ ಕೂತು ಜಪಾ ಮಾಡತಿದ್ಲು. ದೀಪ ಹಚ್ಚೋ ಹೊತ್ತಿಗೆ ಇವರು ಬಂದ್ರು. ಕೊರಳಿನ ಟೈ ಸಡಲಾಗಿತ್ತು, ಕೈಯಾಗ ಒಂದು ಸಣ್ಣ ಚೀಟಿ ಮುದ್ದಿಯಾಗಿತ್ತು. "ಚೀಟಿ ಟ್ರೇದಾಗ ಇತ್ತು, ಟ್ರೇದಾಗ ಇತ್ತು" ಅಂತ ಎರಡು ಸಲ ಅಂದ್ರು.

ನನಗ ಆಗ ಸಿಟ್ಟು ಬರಲಿಲ್ಲ. ಅಯ್ಯೋ ಪಾಪ ಅನಿಸಿತು. ತಾವ ಕಟ್ಟಿದ ಕಟ್ಟಿಗೆ ತಾವ ಎಡವಿ ಬಿದ್ದಾರ, ಇನ್ನೇನು ಅನ್ನೂದು ಅಂದುಕೊಂಡೆ. ಕೂಸಿನ್ನ ಅವರ ಕೈಯಾಗ ಕೊಟ್ಟೆ. ಮೀಟಿಂಗ್ ಹೆಂಗಾತು ಅಂತನೂ ಕೇಳಿದೆ ನೋಡ್ರಿ, ನಾ ಎಂಥಾಕಿ! ಗೆದ್ದಿದ್ರು.

ಅವ್ವ ಬಂದ್ಲು. ಮನಿ ತುಂಬ ಮಂದಿ ಬರಲಿಕ್ಕೆ ಹತ್ತಿದ್ರು. ಬಂದವರಿಗೆಲ್ಲಾ ಅವ್ವ ಅಳಿಯನ ಮ್ಯಾಲೆ ಹುಸಿಮುನಿಸು ಮಾಡಕೋತ ಟ್ರೇದ ಕಥಿ ಹೇಳತಿದ್ಲು, ಎಲ್ಲಾರೂ ನಗತಿದ್ರು. ನಾನೂ ಇವರ ಪರ ಹಿಡಿದು ಮಾತಾಡತಿದ್ದೆ. ತೊಟ್ಟಲಾ ಹಾಕೋದಕ್ಕ ಎರಡು ದಿವಸ ಇದ್ದಾಗ ಮೈದುನ ಬಂದು, "ಏನೋ ಅಣ್ಣಾ, ಹೆಂಡತಿ ಹಡೀಲಿಕ್ಕೆ ಹೋದ್ರೂ ಬರಲಾರದಂಥ ನೌಕರಿ ಎಂಥಾದ್ದು" ಅಂದ. ನನಗ ತಡೀಲಿಲ್ಲ. "ಅವರನ್ಯಾಕ ಅಂತೀರಿ? ಸುದ್ದಿ ಮುಟ್ಟಿದ್ರ ಒಂದು ಕ್ಷಣಾ ನಿಲ್ಲತಿರಲಿಲ್ಲ. ಅವರು ಆಣಿ ಮಾಡಿದವರು" ಅಂದೆ.

ಇವರು ಎದ್ದು ಗ್ಯಾಲರಿಗೆ ಹೋದ್ರು. ಮೈದುನ ಹೋದ ಮ್ಯಾಲೆ ಒಳಗ ಬಂದು, ನನ್ನ ಹಾಸಿಗಿ ತುದಿಗೆ ಕೂತ್ರು. ಕೂಸಿನ ಕಾಲು ಮುಟ್ಟಿಕೋತ, ನನ್ನ ಕಡೆ ನೋಡದ ಹೇಳಿದ್ರು.

"ಚಹಾದ ಹೊತ್ತಿಗೆ ಚೀಟಿ ಬಂತು. ಓದಿದೆ. ಇನ್ನ ಮಾಲಕರ ಒಂದೆರಡು ಪ್ರಶ್ನೆ ಉಳದಿದ್ವು. ಎದ್ದು ಹೋದ್ರ ಸಾಹೇಬ ಏನಂತಾನ ಅನಿಸ್ತು. ಕಿಸೇದಾಗ ಇಟಗೊಂಡು ಕೂತೆ. ಮುಗಿಸೇ ಬಂದೆ."

ಹೊರಗ ಅವ್ವ ಶ್ಯಾವಿಗಿ ಹುರೀತಿದ್ಲು, ಆ ವಾಸನಿ ಬರತಿತ್ತು. ಚಹಾದ ಹೊತ್ತು ಅಂದ್ರ ಡಾಕ್ಟರ್ ಬಾಯಿ "ಗಂಡ ಎಲ್ಲಿ" ಅಂತ ಕೇಳಿದ ಹೊತ್ತು. ನಾ ಬಾಗಲಾ ನೋಡತಿದ್ದ ಹೊತ್ತು. ಆವಾಗ ಹೊಂಟಿದ್ರೂ ಇವರು ಕೂಸು ಹುಟ್ಟೋದಕ್ಕ ಮುಟ್ಟತಿದ್ರೋ ಇಲ್ಲೋ, ಆ ಲೆಕ್ಕಾ ನನಗ ಬೇಕಾಗಿರಲಿಲ್ಲ. ಲೋಕಲಿನಾಗಾದ್ರೂ ಇರತಿದ್ರು, ನನ್ನ ಕಡೆ ಬರೋ ಹಾದಿಯೊಳಗ ಇರತಿದ್ರು. ಇವರು ಕುರ್ಚಿ ಮ್ಯಾಲೆ ಇದ್ರು. ಕೂಸು ನನ್ನ ಬಗಲಾಗ ಉಸುರಾಡತಿತ್ತು, ಆದ್ರೂ ನನಗ ಧಾರವಾಡದ ಆ ಹಾಸಿಗಿ ಮ್ಯಾಲೇ ಮತ್ತ ಮಲಗಿದ ಹಂಗ ಆತು.

"ಯಾಕ ಹೇಳಿದ್ರಿ ಈಗ?" ಅಂದೆ.

"ನೀ ನನ್ನ ಪರ ಹಿಡಿದು ಮಾತಾಡೋದು ಕೇಳಲಾರೆ" ಅಂದ್ರು.

ತೊಟ್ಟಲದ ದಿವಸ ಮಾಟುಂಗಾದ ಹೆಂಗಸರೆಲ್ಲಾ ಲೋಕಲ್ ಹಿಡಿದು ಬಂದ್ರು. ಖಾಲಿ ಬಿಲ್ಡಿಂಗು ತುಂಬಿ ಹೋತು. ಮ್ಯಾನೇಜರು ಸೋದರಮಾವನ ಮರ್ಯಾದಿಗೆ ಕೂಸಿಗೆ ಬೆಳ್ಳಿ ಗೆಜ್ಜಿ, ನನಗೊಂದು ಕುಬಸದ ಖಣ ತಂದಿದ್ರು. ಇವರು ಅವರಿಗೆ ಆಸ್ಪತ್ರೆ ಖರ್ಚು ಕೊಡಲಿಕ್ಕೆ ಹೋದಾಗ, "ಅಣ್ಣ ಅಂತ ಸಹಿ ಹಾಕಿದ್ದೇನಲ್ಲ ರಾಯರೆ, ಇನ್ನು ಅದೆಲ್ಲ ಮಾತಾಡ್ಬೇಡಿ" ಅಂದ್ರು. ಇವರು ತಲಿ ತಗ್ಗಿಸಿ ಪೇಢೆ ತಾಟು ಹಿಡಕೊಂಡು ಮಂದಿಗೆ ಹಂಚಲಿಕ್ಕೆ ಹತ್ತಿದ್ರು.

ತೊಟ್ಟಲಾ ತೂಗೋ ಮುಂದ ವಿಜಾಪುರದಾಕಿ ಶುರು ಮಾಡಿದ್ಲು. "ಏನವಾ, ಸುಮ್ನ ಕೂತೀ? ಗಂಡನ ಹೆಸರು ಹೇಳು. ಗಡಿಯಾರದ ಒಡಪು ಹಳೀದಾತು, ಹೊಸಾದ ಆಗಬೇಕು!" ಎಲ್ಲಾರೂ ಚಪ್ಪಾಳಿ ಬಡದ್ರು. ನಾ ಬ್ಯಾಡ ಅಂದೆ. ಬಿಡಲಿಲ್ಲ. ಅವ್ವ "ಹೇಳ ತಂಗೀ, ಶಾಸ್ತ್ರಾ ಅದ" ಅಂದ್ಲು. ಎರಡು ದಿವಸ ಗಂಟಲಾಗ ಕೂತದ್ದು, ತಾನಾಗೇ ಒಡಪಾಗಿ ನಿಂತಿತ್ತು. ಎದ್ದು ನಿಂತೆ, ತೊಟ್ಟಲದ ಹಗ್ಗಾ ಹಿಡಕೊಂಡು ಹೇಳಿದೆ:

"ಚಹಾದ ಹೊತ್ತಿಗೆ ಚೀಟಿ ಬಂತು, ಓದಿ ಕಿಸೇಕ್ಕಿಟ್ಟರು,
ಮಗಳು ಹುಟ್ಟೋ ಹೊತ್ತಿನಾಗ ನಮ್ಮ ರಾಯರು ಮಿಲ್ಲಿನ ಲೆಕ್ಕಾ ಕೊಟ್ಟರು."

ಹೆಸರನ್ನ ಸ್ಪಷ್ಟ ಹೇಳಿದೆ. ಮೊದಲು ಯಾರೋ ನಕ್ಕರು, ಅರ್ಧಕ್ಕ ನಿಂತರು. ಎಲ್ಲಾರೂ ಬಾಗಲ ಕಡೆ ನೋಡಿದ್ರು. ಇವರು ತಾಟು ಹಿಡಕೊಂಡು ಅಲ್ಲೇ ನಿಂತಿದ್ರು, ಮಾರಿ ಸುಟ್ಟಂಗಾಗಿತ್ತು. ಈಗ ಸಿಟ್ಟಾಗತಾರ, ಹೊರಗ ಹೋಗತಾರ ಅಂದುಕೊಂಡೆ. ಹೋಗಲಿ ಅಂತನೂ ಅಂದುಕೊಂಡೆ.

"ಖರೇ ಅದ" ಅಂದ್ರು ಅವರು. ಎಲ್ಲಾರಿಗೂ ಕೇಳೋ ಹಂಗ ಅಂದ್ರು.

ಮ್ಯಾನೇಜರು ಮುಂದ ಬಂದು, "ಹೆಸರಿಡಿ ಅಕ್ಕ, ಮಗು ಅಳ್ತದೆ" ಅಂದ್ರು. ಕೂಸಿನ ಕಿವ್ಯಾಗ ಹೆಸರು ಹೇಳಿದ್ವಿ, ಹೆಸರು ಹೇಳಿದವರ ಬೆನ್ನು ಪದ್ಧತಿ ಪ್ರಕಾರ ಗುದ್ದಿದ್ವಿ, ಶಾಸ್ತ್ರಾ ಮುಗೀತು.

ಆಮ್ಯಾಲೆ ನೌಕರಿ ಬಿಟ್ರೇನು ಅಂತ ಕೇಳತೀರಿ, ನನಗ ಗೊತ್ತು. ಬಿಡಲಿಲ್ಲ. ಮ್ಯಾಲಿನ ಕುರ್ಚಿ ಸಿಕ್ಕಿತ್ತು, ಕೂತ್ರು. ನಾನೂ ಬಿಡ್ರಿ ಅನ್ನಲಿಲ್ಲ. ಆ ಪಗಾರದಾಗ ನಮ್ಮಪ್ಪನ ಕಣ್ಣಿನ ಆಪರೇಷನ್ ಆಗಿತ್ತು, ಮೈದುನನ ಲಗ್ನ ಆಗೋದಿತ್ತು. ನಾ ಕೇಳಿದ್ದು ಒಂದ. "ಆ ನೌಕರಿ ನಿಮ್ಮದು, ನೀವ ಇಟಗೋರಿ. ನನಗ ಬಾಗಲಾ ಬಡದ್ರ ತಗಿಯೋ ಮಂದಿ ಬೇಕು." ಬ್ಲಾಕ್ ಬಾಡಗಿಗೆ ಕೊಟ್ಟು ಮತ್ತ ಮಾಟುಂಗಾದ ಎರಡು ಖೋಲಿಗೆ ಬಂದ್ವಿ. ಒಗ್ಗರಣಿ, ಸೀನು, ಜಗಳ, ಎಲ್ಲಾ ಮತ್ತ ಶುರುವಾತು. ಮ್ಯಾನೇಜರು ಪ್ರತಿ ನಾಗರಪಂಚಮಿಗೆ ಬಂದು ಉಂಡಿ ತಿಂದು ಹೋಗತಿದ್ರು.

ಮೂರನೇ ಹೆರಿಗಿಗೂ ಬ್ಯಾನಿ ಶುರುವಾದದ್ದು ಇವರು ಮೀಟಿಂಗಿಗೆ ಹೋಗಲಿಕ್ಕೆ ಕೋಟು ಹಾಕಿಕೊಳ್ಳೋ ಹೊತ್ತಿಗೇ. ನಾ ತುಟಿ ಕಚ್ಚಿ ಹಿಡಕೊಂಡು ಡಬ್ಬಿ ಕಟ್ಟಿ ಕೊಟ್ಟೆ, ನಕ್ಕು ಕಳಿಸಿದೆ. ಇವರು ಮೆಟ್ಟಲಾ ಇಳದ ಕೂಡ್ಲೆ ಎಡಗಡೆ ಬಾಗಲಾ ಬಡದೆ, ಬಲಗಡೆ ಬಾಗಲಾ ಬಡದೆ. ಬೆಳಗಾವಿಯಾಕಿ ಒಂದು ರಟ್ಟಿ, ವಿಜಾಪುರದಾಕಿ ಒಂದು ರಟ್ಟಿ ಹಿಡಿದು ಆಸ್ಪತ್ರೆಗೆ ನಡಿಸಿಕೊಂಡು ಹೋದ್ರು. ಮಧ್ಯಾಹ್ನದೊಳಗ ಗಂಡು ಕೂಸು, ಗಟ್ಟಿಮುಟ್ಟಾಗಿ ಹುಟ್ಟಿತು. ಆವಾಗ ಫೋನ್ ಮಾಡಿಸಿದೆ. ಒಳಗ ಕೊಡಬ್ಯಾಡ್ರಿ, ಚೀಟಿ ಬರೆದು ಟ್ರೇದಾಗ ಇಡ್ರಿ, ಚಹಾದ ಹೊತ್ತಿಗೆ ಸಿಕ್ಕರ ಸಾಕು ಅಂತ ಹೇಳಿಸಿದೆ.

ಆ ಸಲ ಇವರು ಓಡಿ ಬಂದ್ರು. ಕೋಟು ಆಫೀಸಿನಾಗೇ ಬಿಟ್ಟು ಬಂದಿದ್ರು, ಅಂಗಿ ಬೆವತು ಮೈಗೆ ಹತ್ತಿತ್ತು. ಬಾಗಲದಾಚೆ ನಿಂತ್ರು, ನಾ ಅಷ್ಟು ವರ್ಷ ಹಿಂದ ಎಲ್ಲಿ ನಿಲ್ರಿ ಅಂದಿದ್ದೆನೋ ಅಲ್ಲೇ ನಿಂತ್ರು. ಕೂಸಿನ್ನ ನೋಡಿದ್ರು, ನನ್ನ ನೋಡಿದ್ರು.

"ಮುಂಜಾನೆ ಯಾಕ ಹೇಳಲಿಲ್ಲ?" ಅಂದ್ರು.

"ಮೀಟಿಂಗ್ ಇತ್ತಲ್ರೀ" ಅಂದೆ.